‘ಎಂಜಾಯ್ ಎಂಜಾಮಿ’: ತೋಟ ಬೆಳೆಸಿದವರ ಬಾಯಾರಿಕೆ

(ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)

 

ಗೋಷ್ಠಿಯ ಕರಪತ್ರದಲ್ಲಿ ಇಂದಿನ ವಿಷಯ ಓದಿ ಇಬ್ಬರು ಹಿರಿಯರು ಫೋನ್ ಮಾಡಿದ್ದರು. ‘ಸರ, ಮಠದಾಗ ತಮಿಳು ಡ್ಯಾನ್ಸ್ ಹಾಡಿನ ಮ್ಯಾಲೆ ಉಪನ್ಯಾಸ ಏನ್ರೀ?’ ಎಂದು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ನಾನು ಅವರಿಗೆ ಹೇಳಿದ್ದು ಇಷ್ಟು: ಇದು ಭೂಮಿಯ ಹಾಡು, ಕಾಯಕದ ಹಾಡು, ದುಡಿದೂ ಪಾಲು ಸಿಗದವರ ಹಾಡು. ಕಾಯಕದ ಮಾತು ಎಲ್ಲಿ ಬಂದರೂ ಅದು ಮಠದ ವಿಷಯವೇ. ಬನ್ನಿ, ಕೇಳಿ, ಆಮೇಲೆ ಬೈಯಿರಿ ಎಂದೆ. ಇಬ್ಬರೂ ಬಂದಿದ್ದಾರೆ, ಮುಂದಿನ ಸಾಲಿನಲ್ಲೇ ಕೂತಿದ್ದಾರೆ.

‘ಎಂಜಾಯ್ ಎಂಜಾಮಿ’ ಸಿನಿಮಾ ಹಾಡಲ್ಲ. 2021ರ ಮಾರ್ಚ್‌ನಲ್ಲಿ ಬಿಡಿಯಾಗಿ ಬಂದ ಹಾಡು. ಹಾಡಿದವರು ಧೀ ಮತ್ತು ಅರಿವು. ಸಂಗೀತ ಹೊಂದಿಸಿದವರು ಸಂತೋಷ್ ನಾರಾಯಣನ್. ವಿಡಿಯೋ ನಿರ್ದೇಶನ ಅಮಿತ್ ಕೃಷ್ಣನ್ ಅವರದು. ಕೆಲವೇ ತಿಂಗಳಲ್ಲಿ ಕೋಟಿಗಟ್ಟಲೆ ಸಲ ಜನ ಅದನ್ನು ನೋಡಿದರು. ತಮಿಳಿನ ಒಂದಕ್ಷರ ಗೊತ್ತಿಲ್ಲದವರೂ ಕುಣಿದರು. ಲಾಕ್‌ಡೌನಿನ ದಿನಗಳಲ್ಲಿ ನಮ್ಮೂರಿನ ಟ್ರ್ಯಾಕ್ಟರುಗಳಲ್ಲೂ ಅದು ಕೇಳಿಸುತ್ತಿತ್ತು.

ಸಾಹಿತ್ಯ ಬರೆದ ಅರಿವು ಅರಕ್ಕೋಣಂ ಕಡೆಯ ದಲಿತ ತರುಣ. ನಿರ್ದೇಶಕ ಪಾ. ರಂಜಿತ್ ಅವರ ಬೆಂಬಲದಿಂದ ಹುಟ್ಟಿದ ‘ಕಾಸ್ಟ್‌ಲೆಸ್ ಕಲೆಕ್ಟಿವ್’ ಎಂಬ ಗಾಯಕರ ತಂಡದಲ್ಲಿ ಹಾಡಿ ಹೆಸರಾದವರು. ಅವರ ಅಜ್ಜಿ ವಳ್ಳಿಯಮ್ಮಾಳ್ ಶ್ರೀಲಂಕೆಯ ಚಹಾ ತೋಟದಲ್ಲಿ ಕೂಲಿ ಮಾಡಿದವರು. ಈ ಹಾಡು ಹುಟ್ಟಿದ್ದು ಆ ಅಜ್ಜಿಯ ಬಾಯಿಂದ ಕೇಳಿದ ಕಥೆಗಳಿಂದ ಮತ್ತು ‘ಒಪ್ಪಾರಿ’ ಎಂಬ ಶೋಕಗೀತದ ಧಾಟಿಯಿಂದ. ನಮ್ಮ ಕಡೆ ಸಾವಿನ ಮನೆಯಲ್ಲಿ ಹೆಣ್ಣುಮಕ್ಕಳು ಹೋದವರ ಗುಣ ಹಾಡ್ಯಾಡಿಕೊಂಡು ಅಳುವುದಿಲ್ಲವೇ, ಅದರ ಸೋದರಿ ಅದು. ಕುಣಿಸುವ ತಾಳದ ಅಡಿಯಲ್ಲಿ ಅಳು ಇದೆ. ಅದನ್ನು ಕೇಳಿಸಿಕೊಳ್ಳದೆ ಕುಣಿದರೆ ಅರ್ಧ ಹಾಡನ್ನಷ್ಟೇ ಕೇಳಿದಂತೆ.

ಅಜ್ಜಿಯ ಕಥೆ ಒಬ್ಬರದಲ್ಲ. ಬ್ರಿಟಿಷರು ತಮಿಳುನಾಡಿನ ಭೂಮಿ ಇಲ್ಲದ ಬಡವರನ್ನು 19ನೇ ಶತಮಾನದಲ್ಲಿ ಸಿಲೋನಿಗೆ ಕರೆದೊಯ್ದರು. ಮೊದಲು ಕಾಫಿಗೆ, ಕಾಫಿಗೆ ರೋಗ ಬಿದ್ದ ಮೇಲೆ ಚಹಾಕ್ಕೆ. ಅವರಲ್ಲಿ ಬಹಳ ಜನ ಅಸ್ಪೃಶ್ಯರೆನಿಸಿಕೊಂಡವರು. ಕಾಡು ಕಡಿದು ಬೆಟ್ಟವನ್ನು ತೋಟ ಮಾಡಿದರು. 1948ರಲ್ಲಿ ಸಿಲೋನ್ ಸ್ವತಂತ್ರವಾಯಿತು. ಅದೇ ವರ್ಷ ಬಂದ ಪೌರತ್ವ ಕಾಯ್ದೆ ಇವರಲ್ಲಿ ಬಹುಪಾಲು ಜನರನ್ನು ಯಾವ ದೇಶಕ್ಕೂ ಸೇರದವರನ್ನಾಗಿ ಮಾಡಿತು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಕೆ ಒಪ್ಪಂದ ಮಾಡಿಕೊಂಡರು: 5,25,000 ಜನ ಭಾರತಕ್ಕೆ, 3,00,000 ಜನ ಅಲ್ಲಿಗೆ, ಉಳಿದ ಒಂದೂವರೆ ಲಕ್ಷ ಜನರ ಲೆಕ್ಕ ಆಮೇಲೆ. ದನದ ಸಂತೆಯಲ್ಲಿ ಜೋಡಿ ಹಂಚಿಕೊಂಡ ಹಾಗೆ! ಹಾಗೆ ಬಂದವರಲ್ಲಿ ಕೆಲವರು ನಮ್ಮ ರಾಜ್ಯದಲ್ಲೂ ಇದ್ದಾರೆ. ಸುಳ್ಯ, ಪುತ್ತೂರು ಕಡೆ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಹಾಲು ತೆಗೆಯುವವರನ್ನು ಕೇಳಿ ನೋಡಿ, ಅವರ ಹಿರಿಯರು ಲಂಕೆಯಿಂದ ಬಂದವರು.

ಈಗ ಹೆಸರಿಗೆ ಬರೋಣ. ‘ಎಂಜಾಮಿ’ ಎಂದರೆ ‘ಎನ್ ಸಾಮಿ’, ನನ್ನ ಸ್ವಾಮಿ. ಕೂಲಿಯಾಳು ಜಮೀನುದಾರನನ್ನು ಕರೆಯುತ್ತಿದ್ದ ಮಾತು ಅದು. ಅದೇ ಮಾತಿನಿಂದ ಅಜ್ಜಿ ಮೊಮ್ಮಗನನ್ನು ಮುದ್ದಿಸುತ್ತಾಳೆ. ನಮ್ಮ ತಾಯಂದಿರೂ ತೊಡೆಯ ಮೇಲಿನ ಕೂಸಿಗೆ ‘ನನ್ನಪ್ಪ, ನನ್ನ ದೊರಿ’ ಎನ್ನುತ್ತಾರಲ್ಲ, ಹಾಗೆ. ಅರಿವು ಮಾಡಿದ ಕೆಲಸ ಇದು: ಬಾಗಿದ ಬೆನ್ನಿನ ಮಾತನ್ನು ತೆಗೆದು ಮುದ್ದಿನ ಮಾತಾಗಿ ಎಲ್ಲರಿಗೂ ಹಂಚಿದರು. ಬೈಗುಳ ಒಂದೂ ಇಲ್ಲ. ಆದರೆ ಆ ಮಾತನ್ನು ಯಾರು ಯಾರಿಗೆ ಹೇಳುತ್ತಿದ್ದರು ಎಂಬುದು ಗೊತ್ತಿದ್ದವನಿಗೆ ಮೈ ಜುಮ್ಮೆನ್ನುತ್ತದೆ.

ಹಾಡಿನ ಒಳಗೆ ಏನಿದೆ? ಈ ನೆಲವನ್ನು ಹಿರಿಯರು ನಮಗೆಲ್ಲ ಬಿಟ್ಟು ಹೋದರು, ಇದು ನಾಯಿ ನರಿ ಬೆಕ್ಕುಗಳಿಗೂ ಸೇರಿದ್ದು ಎಂಬ ಭಾವ ಮೊದಲು ಬರುತ್ತದೆ. ಕೆರೆಯೂ ಎಲ್ಲರದು. ಇಲ್ಲಿ ಒಂದು ಕ್ಷಣ ನಿಲ್ಲಿ. ‘ಕೆರೆ ನಾಯಿಗೂ ಸೇರಿದ್ದು’ ಎಂದು ಸುಮ್ಮನೆ ಕೇಳಿದರೆ ಪರಿಸರದ ಮಾತು. 1927ರಲ್ಲಿ ಮಹಾಡದ ಚವದಾರ್ ಕೆರೆಯ ನೀರು ಮುಟ್ಟಲು ಬಾಬಾಸಾಹೇಬ್ ಅಂಬೇಡ್ಕರರು ಸಾವಿರಾರು ಜನರೊಂದಿಗೆ ನಡೆದು ಹೋಗಬೇಕಾಯಿತು ಎಂಬುದನ್ನು ನೆನಪಿಟ್ಟು ಕೇಳಿದರೆ ಬೇರೆಯದೇ ಮಾತು. ದನ, ನಾಯಿ ಕುಡಿದ ನೀರನ್ನು ಮನುಷ್ಯನಿಗೆ ಬೇಡವೆಂದ ನಾಡಿದು. ಮುಂದೆ ಗಿಡ ನೆಟ್ಟು, ತೋಟ ಬೆಳೆಸಿ, ಅದು ತುಂಬಿ ನಿಂತರೂ ಬೆಳೆಸಿದವರ ಗಂಟಲು ಒಣಗಿಯೇ ಉಳಿದ ಸಂಕಟ ಬರುತ್ತದೆ. ಅದನ್ನು ಕೂಗಿ ಹೇಳುವುದಿಲ್ಲ, ಕುಣಿತದ ನಡುವೆ ಒಂದು ಬಿಕ್ಕಳಿಕೆಯ ಹಾಗೆ ಹೇಳಿ ಮುಂದೆ ಹೋಗುತ್ತಾರೆ.

ವಿಡಿಯೋ ನೋಡಿದವರು ಒಂದು ಸಂಗತಿ ಗಮನಿಸಿರಬೇಕು. ಬಡವರನ್ನು ತೋರಿಸುವುದೆಂದರೆ ಹರಕು ಸೀರೆ, ಕಣ್ಣೀರು, ಕೈಯೊಡ್ಡಿದ ಮುದುಕಿ, ಇದು ನಮಗೆ ರೂಢಿ. ಇಲ್ಲಿ ದುಡಿದು ಸುಕ್ಕಾದ ಮುಖಗಳು ಢಾಳಾದ ಬಣ್ಣದ ಬಟ್ಟೆ, ಆಭರಣ ತೊಟ್ಟು ನೇರ ಕ್ಯಾಮೆರಾದ ಕಣ್ಣಿಗೆ ಕಣ್ಣಿಟ್ಟು ನೋಡುತ್ತವೆ. ಸ್ವತಃ ಅಜ್ಜಿ ವಳ್ಳಿಯಮ್ಮಾಳ್ ಅಲ್ಲಿದ್ದಾರೆ. ಅವರ ಮೇಲೆ ಕನಿಕರ ಪಡಿ ಎಂದು ವಿಡಿಯೋ ಕೇಳುವುದಿಲ್ಲ, ಇವರು ಹಿರಿಯರು, ಇವರಿಗೆ ಶರಣೆನ್ನಿ ಎನ್ನುತ್ತದೆ. ನನಗೆ ಇಡೀ ವಿಡಿಯೋದಲ್ಲಿ ಹೆಚ್ಚು ಬೆಲೆಯುಳ್ಳದ್ದು ಇದೇ. ಆದರೂ ಅಷ್ಟೊಂದು ಅಲಂಕಾರ ಕೆಲವು ಕಡೆ ಕಣ್ಣನ್ನು ತಡೆದು, ಮಾತನ್ನು ಕಿವಿಗೆ ಬಿಡುವುದಿಲ್ಲ ಎಂಬ ತಕರಾರು ನನಗಿದೆ.

ಪ್ರಸಾದ ನಿಲಯದ ಒಬ್ಬ ಹುಡುಗ ಕೇಳಿದ: ‘ಸರ, ಇದ್ರಾಗ ತೋಟದ ಮಾಲೀಕ ಯಾರು?’ ಒಳ್ಳೆಯ ಪ್ರಶ್ನೆ. ವಿಡಿಯೋದಲ್ಲಿ ಮಾಲೀಕನಿಲ್ಲ. ಆ ಜಾಗ ಖಾಲಿ ಬಿಟ್ಟಿದ್ದಾರೆ, ನೋಡುವವನು ತನ್ನನ್ನೇ ಅಲ್ಲಿ ನಿಲ್ಲಿಸಿಕೊಳ್ಳಲಿ ಎಂದು ನಾನು ತಿಳಿದಿದ್ದೇನೆ.

ಬಂಧುಗಳೇ, ನಮ್ಮ ಭಾಗದ ಅನೇಕ ಊರುಗಳಲ್ಲಿ ಹೊಲ ಇರುವವರು ಯಾರು? ನಾವು. ನನ್ನ ಮನೆತನಕ್ಕೂ ಹೊಲವಿದೆ. ‘ಯಪ್ಪಾ’, ‘ಧಣ್ಯಾರ’, ‘ಗೌಡ್ರ’ ಎಂದು ಕರೆಸಿಕೊಳ್ಳುವವರು ನಾವೇ. 1974ರಲ್ಲಿ ದೇವರಾಜ ಅರಸರ ಕಾಲದಲ್ಲಿ ಉಳುವವನಿಗೆ ಭೂಮಿ ಬಂತು ಎನ್ನುತ್ತೇವೆ. ದೊಡ್ಡ ಕೆಲಸವೇ ಅದು. ಆದರೆ ಬಂದದ್ದು ಗೇಣಿದಾರನಿಗೆ. ಕೂಲಿಯಾಳು ಗೇಣಿದಾರನಲ್ಲ, 7ನೇ ನಂಬರ್ ಫಾರಂ ತುಂಬಲು ಅವನಿಗೆ ದಾರಿ ಇರಲಿಲ್ಲ. ಅವನು ಮೊದಲೂ ಕೇರಿಯಲ್ಲಿದ್ದ, ಆಮೇಲೂ ಕೇರಿಯಲ್ಲೇ ಉಳಿದ. ನಾವು ವರ್ಷವರ್ಷ ಬಸವ ಜಯಂತಿಯಲ್ಲಿ ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯನವರ ಹೆಸರು ಹೇಳಿ ಚಪ್ಪಾಳೆ ತಟ್ಟುತ್ತೇವೆ. ಮರುದಿನ ಹೊಲಕ್ಕೆ ಬಂದ ಆಳಿಗೆ ಚಹಾ ಯಾವ ಲೋಟದಲ್ಲಿ ಕೊಡುತ್ತೇವೆ ಎಂಬುದು ಅವರವರ ಮನೆಯ ಹೆಣ್ಣುಮಕ್ಕಳಿಗೆ ಗೊತ್ತಿದೆ.

ಆಯ್ದಕ್ಕಿ ಲಕ್ಕಮ್ಮ ತಾಯಿಯ ಪ್ರಸಂಗ ನಿಮಗೆಲ್ಲ ಬಾಯಿಪಾಠ. ಮಾರಯ್ಯನವರು ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಮರಳಿ ಸುರಿದು ಬಾ ಎಂದಾಕೆ ಅವಳು. ನಾವು ಅದನ್ನು ಬಡವರಿಗೆ ಹೇಳುವ ಪಾಠ ಮಾಡಿಕೊಂಡಿದ್ದೇವೆ: ನೋಡಿ, ಆಸೆ ಪಡಬೇಡಿ ಎಂದು. ಅಕ್ಕಿ ಆಯುವವಳೇ ಹೆಚ್ಚಾದ ಮುಷ್ಟಿಯನ್ನು ಇಟ್ಟುಕೊಳ್ಳಲಿಲ್ಲ. ಹಾಗಾದರೆ ಕಣಜ ತುಂಬಿಕೊಂಡವನಿಗೆ ಆ ತಾಯಿ ಏನು ಹೇಳಿಯಾಳು? ಆ ಕಥೆಯನ್ನು ನಾವು ಆ ದಿಕ್ಕಿನಿಂದ ಓದಿಲ್ಲ.

ಇನ್ನೊಂದು ಮಾತು, ಹಾಡಿನ ಹೊರಗೆ ನಡೆದದ್ದು. 2021ರ ಆಗಸ್ಟಿನಲ್ಲಿ ‘ರೋಲಿಂಗ್ ಸ್ಟೋನ್ ಇಂಡಿಯಾ’ ಪತ್ರಿಕೆಯ ಮುಖಪುಟದಲ್ಲಿ ಧೀ ಇದ್ದರು, ಇನ್ನೊಬ್ಬ ಗಾಯಕರಿದ್ದರು, ಅರಿವು ಇರಲಿಲ್ಲ. ಪಾ. ರಂಜಿತ್ ಬಹಿರಂಗವಾಗಿ ಪ್ರಶ್ನಿಸಿದರು, ದೊಡ್ಡ ಚರ್ಚೆಯಾಯಿತು. 2022ರ ಜುಲೈನಲ್ಲಿ ಚೆನ್ನೈನ ಚೆಸ್ ಒಲಿಂಪಿಯಾಡ್ ಉದ್ಘಾಟನೆಯಲ್ಲಿ ಈ ಹಾಡು ಅರಿವು ಇಲ್ಲದೆ ನಡೆಯಿತು. ಅವರು ತಮ್ಮ ನೋವನ್ನು ಬರೆದುಕೊಂಡರು. ಅವರು ಆಗ ಅಮೆರಿಕದಲ್ಲಿದ್ದರು, ಅವರ ಹೆಸರನ್ನು ನಾವೆಂದೂ ಮುಚ್ಚಿಟ್ಟಿಲ್ಲ ಎಂದು ಸಂತೋಷ್ ನಾರಾಯಣನ್ ಮತ್ತು ಧೀ ಉತ್ತರಿಸಿದರು. ಯಾರದು ಎಷ್ಟು ಸರಿ ಎಂದು ತೀರ್ಪು ಕೊಡಲು ನಾನು ಇಲ್ಲಿ ಬಂದಿಲ್ಲ. ಆದರೆ ತೋಟ ಬೆಳೆಸಿದವನಿಗೆ ನೀರಿಲ್ಲ ಎಂದು ಬರೆದವನೇ ತನ್ನ ಹಾಡಿನ ಪಾಲಿಗಾಗಿ ದನಿಯೆತ್ತಬೇಕಾಯಿತಲ್ಲ!

ಹೆಸರಿನ ವಿಷಯದಲ್ಲಿ ಶರಣರ ಪರಂಪರೆ ಎಷ್ಟು ಎಚ್ಚರವಾಗಿತ್ತು ನೋಡಿ. ಸೂಳೆ ಸಂಕವ್ವೆಯವರದೆಂದು ಸಿಕ್ಕಿರುವುದು ಒಂದೇ ವಚನ. ‘ನಿರ್ಲಜ್ಜೇಶ್ವರ’ ಎಂಬ ಅಂಕಿತ ಇದ್ದುದರಿಂದ ಆ ಒಂದು ವಚನವೂ ಆಕೆಯದೇ ಆಗಿ ಉಳಿದಿದೆ. ಹಗ್ಗ ಹೊಸೆದ ನುಲಿಯ ಚಂದಯ್ಯನವರ ವಚನ ಅವರದಾಗಿಯೇ ಉಳಿದಿದೆ. ಅದೇ ನಮ್ಮ ಕಣಗಳಲ್ಲಿ ರಾತ್ರಿಯಿಡೀ ಹಂತಿಪದ ಹಾಡಿದವರ ಹೆಸರು ಹೇಳಿ ಎಂದರೆ ಎಷ್ಟು ಜನ ಹೇಳಬಲ್ಲಿರಿ? ಪುಸ್ತಕದಲ್ಲಿ ‘ಜನಪದ’ ಎಂದು ಅಚ್ಚಾಗಿದೆ, ಮುಗಿಯಿತು.

ಪ್ರಸಾದ ನಿಲಯದ ಮಕ್ಕಳು ಈ ಹಾಡನ್ನು ಮುಂದಿನ ಶರಣ ಸಂಸ್ಕೃತಿ ಉತ್ಸವದಲ್ಲಿ ಹಾಡಬಹುದೇ ಎಂದು ಪೂಜ್ಯರನ್ನು ಕೇಳಿದ್ದಾರೆ. ಪೂಜ್ಯರು ಒಪ್ಪಿದರೆ ನನ್ನದೊಂದು ಬಿನ್ನಹ: ಆಹ್ವಾನ ಪತ್ರಿಕೆಯಲ್ಲಿ ಸಾಹಿತ್ಯ ಅರಿವು ಎಂದು ಅಚ್ಚು ಹಾಕಿಸಿ, ಪಕ್ಕದಲ್ಲಿ ವಳ್ಳಿಯಮ್ಮಾಳ್ ಅವರ ಹೆಸರೂ ಇರಲಿ. ಅದೇ ವೇದಿಕೆಯಲ್ಲಿ ನಮ್ಮೂರ ಕೇರಿಯ ಹಂತಿಪದದ ಹಿರಿಯರೊಬ್ಬರನ್ನು ಕರೆಸಿ, ಅವರಿಂದಲೇ ಹಾಡಿಸಿ. ಅವರನ್ನು ಕರೆಯಲು ನಾನೇ ಹೋಗುತ್ತೇನೆ. ಮುಂದಿನ ಸಾಲಿನ ಹಿರಿಯರಿಬ್ಬರೂ ನನ್ನ ಜತೆ ಬರಲಿ.