ಹೊಗೆಯ ಚೀಟಿ

ಪೆಟ್ರೋಲ್ ಬಂಕಿನ ಮಗ್ಗುಲಲ್ಲಿ ನಿಂತ ಹೊಗೆ ತಪಾಸಣೆಯ ಪುಟ್ಟ ಗೂಡನ್ನು ತಾವು ಕಂಡೇ ಇರುತ್ತೀರಿ. ಅಲ್ಲಿ ದೊರೆಯುವ ಚೀಟಿ ಪೋಲೀಸರಿಗೆ ತೋರಿಸುವುದಕ್ಕಷ್ಟೆ ಎಂಬುದು ಬಹುಮಂದಿಯ ಭಾವನೆ. ಗಾಡಿಯನ್ನು ಮನೆಯಲ್ಲೇ ಬಿಟ್ಟು ಬರಿಯ ನಂಬರು ಹೇಳಿ ಚೀಟಿ ತರಿಸಿಕೊಳ್ಳುವ ಜಾಣರೂ ಇದ್ದಾರೆ. ಈ ಜಾಣತನದಿಂದ ಮೋಸಹೋಗುವವರು ಯಾರೆಂಬುದನ್ನು ಸ್ವಲ್ಪ ವಿಚಾರ ಮಾಡೋಣ.

ಪೆಟ್ರೋಲ್ ಗಾಡಿಯ ಎಂಜಿನನ್ನು ನಿಂತಲ್ಲೇ ಓಡಲು ಬಿಟ್ಟು, ಹೊಗೆಕೊಳವೆಯೊಳಗೆ ಒಂದು ಸಲಾಕೆಯನ್ನು ತೂರಿಸುತ್ತಾರೆ. ಯಂತ್ರ ಮುಖ್ಯವಾಗಿ ಎರಡು ವಸ್ತುಗಳನ್ನು ಅಳೆಯುತ್ತದೆ: ಕಾರ್ಬನ್ ಮಾನಾಕ್ಸೈಡ್ ಮತ್ತು ಉರಿಯದೆ ಉಳಿದ ಇಂಧನದ ಆವಿ. ಭಾರತ್ ಸ್ಟೇಜ್ 4ರ ಪೆಟ್ರೋಲ್ ಕಾರಿನಲ್ಲಿ ಮೊದಲನೆಯದು ನೂರಕ್ಕೆ 0.3 ಪಾಲನ್ನು ಮೀರಕೂಡದು. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಇದನ್ನು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾದ ಬಲದಿಂದ ಹಿಡಿದುಕೊಳ್ಳುತ್ತದೆ. ಬಾಗಿಲು ಮುಚ್ಚಿದ ಷೆಡ್ಡಿನಲ್ಲಿ ಎಂಜಿನ್ ಓಡಿಸಿಟ್ಟು ಕುಳಿತವರು ಎಚ್ಚರವಿಲ್ಲದೆಯೇ ಪ್ರಾಣ ಕಳೆದುಕೊಳ್ಳುವುದು ಇದರಿಂದಲೇ. ದಯವಿಟ್ಟು ಮನೆಯ ಮಕ್ಕಳಿಗೂ ಈ ಮಾತನ್ನು ತಿಳಿಸಿ.

ಇನ್ನು ಗಾಡಿ ನಪಾಸಾಗುವುದೇಕೆ? ಗಾಳಿಯ ಫಿಲ್ಟರಿನಲ್ಲಿ ಧೂಳು ಕಟ್ಟಿದರೆ ಹಳೆಯ ಕಾರ್ಬೊರೇಟರ್ ಗಾಡಿಗೆ ಗಾಳಿ ಸಾಲದೆ ಪೆಟ್ರೋಲು ಅರೆಬರೆ ಉರಿಯುತ್ತದೆ, ಮಾನಾಕ್ಸೈಡ್ ಏರುತ್ತದೆ. ಸ್ಪಾರ್ಕ್ ಪ್ಲಗ್ ಸರಿಯಾಗಿ ಕಿಡಿ ಹಾರಿಸದಿದ್ದರೆ ಹಸಿ ಪೆಟ್ರೋಲಿನ ಆವಿ ಹೊರಬೀಳುತ್ತದೆ. ಎರಡರಲ್ಲೂ ಹಾಳಾಗುವುದು ತಾವು ಕಾಸು ಕೊಟ್ಟು ಕೊಂಡ ಇಂಧನವೇ! ಇನ್ನೊಂದು ಮಾತು: ತಣ್ಣಗಿರುವ ಎಂಜಿನನ್ನು ಪರೀಕ್ಷೆಗೆ ಒಯ್ಯಬೇಡಿ. ಹೊಗೆಯನ್ನು ಶುದ್ಧಿಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಚೆನ್ನಾಗಿ ಕಾಯ್ದ ಮೇಲೆಯೇ ಕೆಲಸ ಮಾಡುತ್ತದೆ. ನಾಲ್ಕೈದು ಮೈಲಿ ಓಡಿಸಿಕೊಂಡು ಹೋದರೆ ಒಳ್ಳೆಯದು. ಡೀಸೆಲ್ ಗಾಡಿಗಾದರೆ ಆಕ್ಸಿಲರೇಟರನ್ನು ಒಮ್ಮೆಲೇ ಒತ್ತಿ, ಹೊಗೆ ಎಷ್ಟು ಬೆಳಕನ್ನು ತಡೆಯುತ್ತದೆಂದು ನೋಡುತ್ತಾರೆ.

ಹೊಸ ಗಾಡಿಗೆ ನೋಂದಣಿಯಾಗಿ ಒಂದು ವರ್ಷ ಕಳೆದ ಮೇಲೆ ಈ ಚೀಟಿ ಬೇಕಾಗುತ್ತದೆ. ಭಾರತ್ ಸ್ಟೇಜ್ 4 ಮತ್ತು 6ರ ಗಾಡಿಗಳಿಗೆ ಅದು ಒಂದು ವರ್ಷ, ಹಳೆಯವಕ್ಕೆ ಆರು ತಿಂಗಳು ನಡೆಯುತ್ತದೆ.

ಸ್ವಂತ ಕಾರಿನ ನೋಂದಣಿಗೆ 15 ವರ್ಷಗಳ ಅವಧಿ. ಆಮೇಲೆ ಅದನ್ನು ಸಾರಿಗೆ ಕಛೇರಿಯ ತಪಾಸಣೆಗೆ ಒಪ್ಪಿಸಿ, ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು. ಬ್ರೇಕು, ಸ್ಟಿಯರಿಂಗು, ದೀಪ, ಹಾರನ್ನು ಎಲ್ಲವನ್ನೂ ಅಲ್ಲಿ ನೋಡುತ್ತಾರೆ. ಟೈರಿನ ಗೀರುಗಳಂತೂ ಕಾರಿಗೆ 1.6 ಮಿಲಿಮೀಟರಿಗಿಂತ, ಸ್ಕೂಟರಿಗೆ 0.8 ಮಿಲಿಮೀಟರಿಗಿಂತ ಸವೆದಿರಬಾರದು. ಮಳೆಯ ರಸ್ತೆಯಲ್ಲಿ ನೀರನ್ನು ಆಚೆಗೆ ತಳ್ಳುವವು ಆ ಗೀರುಗಳೇ. ಅವು ಸವೆದಿದ್ದರೆ ಎಂಥ ಬ್ರೇಕಿದ್ದರೂ ಗಾಡಿ ಜಾರುತ್ತದೆ. ಇದನ್ನು ನೋಡಲು ಇನ್‌ಸ್ಪೆಕ್ಟರೇ ಬರಬೇಕೆಂದಿಲ್ಲ, ಭಾನುವಾರ ಬೆಳಗ್ಗೆ ತಾವೇ ಬಗ್ಗಿ ನೋಡಬಹುದು.

ನವೀಕರಣದ ಅರ್ಜಿ 25ನೆಯ ನಮೂನೆಯಲ್ಲಿರುತ್ತದೆ. ಅವಧಿ ಮುಗಿಯುವ 60 ದಿನಗಳ ಒಳಗಾಗಿ ಅದನ್ನು ಸಲ್ಲಿಸಬಹುದು. ಆರ್‌ಸಿ ಪುಸ್ತಕವೋ ಕಾರ್ಡೋ ಬೀರುವಿನಲ್ಲಿದ್ದರೆ ಇಂದೇ ತೆಗೆದು ತಾರೀಖನ್ನು ನೋಡಿಕೊಳ್ಳಿ.