ಸಂಜೆ ಆರು ಗಂಟೆಯ ಭಯ
(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿ ನೀರಿನಿಂದ ಕರೆಂಟು ತೆಗೆದರು. ಅದು ನೇರ ಹೋದದ್ದು ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿನ ಬೀದಿಗೆ ಬಂತು. ಆಮೇಲೆ ನಮ್ಮ ಊರುಗಳಿಗೂ ಬಂತು ಅಂದರು. ಯಾವ ಲೆಕ್ಕದಲ್ಲಿ? 1997ರವರೆಗೆ ಊರಿನ ಎಲ್ಲೆಯೊಳಗೆ ಯಾವ ಕೆಲಸಕ್ಕಾದರೂ ಕರೆಂಟು ಬಳಸಿದರೆ ಸಾಕು, ಇಡೀ ಊರು ಸರ್ಕಾರದ ಪಟ್ಟಿಗೆ ಸೇರುತ್ತಿತ್ತು. ಗೌಡರ ಪಂಪ್‌ಸೆಟ್ ತಿರುಗಿದರೆ ನಮ್ಮ ಕೇರಿಯೂ ಬೆಳಗಿದಂತೆ! 2004ರಲ್ಲಿ ಲೆಕ್ಕ ಬದಲಾಯಿತು. ದಲಿತ ಕೇರಿಗೂ ತಂತಿ ಎಳೆಯಬೇಕು ಅಂದರು. ಆದರೆ ನೂರಕ್ಕೆ 10 ಮನೆಗೆ ಕೊಟ್ಟರೆ ಸಾಕು ಅಂದರು. ಆ ಹತ್ತು ಮನೆ ಯಾರವು ಅಂತ ನಿಮಗೆ ಗೊತ್ತು. 2011ರ ಜನಗಣತಿಯಲ್ಲಿ ದೇಶದ ನೂರು ಮನೆಗಳಲ್ಲಿ 67ಕ್ಕೆ ಕರೆಂಟು ದೀಪ. ಪರಿಶಿಷ್ಟ ಜಾತಿಯವರ ನೂರು ಮನೆಗಳಲ್ಲಿ 59ಕ್ಕೆ.

ಇದು ತಲೆಯೊಳಗೆ ಏನು ಮಾಡುತ್ತದೆ ಅಂತ ಮಾತ್ರ ಯಾರೂ ಕೇಳೋದಿಲ್ಲ.

ನಮ್ಮ ಅವ್ವಂದಿರು ಖಿನ್ನತೆ ಅನ್ನೋ ಪದ ಆಡೋದಿಲ್ಲ. 'ಜೀವ ಬ್ಯಾಸರ ಆಗದೆ', 'ಎದೆ ಡವಡವ ಅಂತದೆ' ಅಂತಾರೆ. ಕೂಲಿ ಮುಗಿಸಿ ಬಂದು ಸೌದೆ ಹೊಂದಿಸಬೇಕು. ಗೌಡರ ಬೇಲಿಯ ಒಂದು ಕಡ್ಡಿ ಮುರಿದರೂ ಬೈಗುಳ. ಹಸಿ ಸೌದೆ ಹತ್ತೋದಿಲ್ಲ; ಊದಿ ಊದಿ ಕಣ್ಣುರಿ, ಪಕ್ಕದಲ್ಲಿ ಹಸಿದ ಮಕ್ಕಳ ಅಳು. ಹೊತ್ತು ಮುಳುಗಿದ ಮೇಲೆ ಬಯಲಿಗೆ ಹೋಗೋ ಅಕ್ಕತಂಗಿಯರಿಗೆ ಹಾವಿನ ಭಯ, ಹಾವಿಗಿಂತ ಮನುಷ್ಯರ ಭಯ. ದಿನಾ ಸಂಜೆ ಆರಕ್ಕೆ ಶುರುವಾಗೋ ಈ ಭಯ ರಾತ್ರಿಯ ನಿದ್ದೆಯನ್ನೂ ತಿನ್ನುತ್ತದೆ. ನಿದ್ದೆಯಿಲ್ಲದೆ ತಿಂಗಳುಗಟ್ಟಲೆ ಕಳೆದವಳು ಒಂದಿನ ಕಿರುಚಿದರೆ ದೆವ್ವ ಮೆಟ್ಟಿದೆ ಅಂತ ಬೇವಿನ ಸೊಪ್ಪಲ್ಲಿ ಹೊಡೆಸುತ್ತೇವೆ. ಹೊಡೆಸುವವರು ನಾವೇ, ಮೇಲಿನವರಲ್ಲ.

ನಮ್ಮ ಕಥೆಯೂ ಇದೆ. ಒಂದು ಬುಡ್ಡಿಯ ಸುತ್ತ ಮೂರು ಜನ ಕೂತರೆ ಒಬ್ಬನ ಪುಸ್ತಕದ ಮೇಲೆ ಇನ್ನೊಬ್ಬನ ನೆರಳು. ಲೆಕ್ಕ ಮಾಡದೆ ಹೋದವನಿಗೆ ಮೇಷ್ಟ್ರು ಇಟ್ಟ ಹೆಸರು 'ದಡ್ಡ'. ಬುಡ್ಡಿಯಲ್ಲಿ ಸೀಮೆಎಣ್ಣೆ ಸಾಲದ್ದು, ನಮ್ಮ ಬುದ್ಧಿ ಸಾಲದು ಅಂತಾಯಿತು. ಹಾಸ್ಟೆಲಿನ ಟ್ಯೂಬ್‌ಲೈಟ್ ಕೆಳಗೆ ಕೂತ ಮೇಲೂ ಆ ಮಾತು ಎಷ್ಟು ಜನರ ಎದೆಯಲ್ಲಿ ಹಾಗೇ ಕೂತಿಲ್ಲ ಹೇಳಿ? ರಜೆ ಬಂದರೂ ಊರಿಗೆ ಹೋಗೋಕೆ ನಾಚಿಕೆ, ಹೋಗದಿದ್ದರೆ ಅವ್ವನ ನೆನೆದು ಸಂಕಟ. ಇದೂ ಆ ಕತ್ತಲೆಯ ಬಾಕಿಯೇ.

ಈಗ ಎಲ್ಲ ಸರಿಹೋಗಿದೆಯಲ್ಲ ಅಂತಾರೆ. 2023ರಿಂದ ಗೃಹಜ್ಯೋತಿಯಲ್ಲಿ 200 ಯೂನಿಟ್‌ವರೆಗೆ ಉಚಿತ. ಒಳ್ಳೆಯದೇ. ಮೀಟರೇ ಇಲ್ಲದ ಗುಡಿಸಲಿಗೆ ಏನು ಉಚಿತ? ಒಲೆಯ ಹೊಗೆಯೂ ಹೋಗಿಲ್ಲ. 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಗ್ಯಾಸಿನಂಥ ಹೊಗೆಯಿಲ್ಲದ ಉರುವಲು ಇದ್ದದ್ದು ದೇಶದ ನೂರು ಮನೆಗಳಲ್ಲಿ ಸುಮಾರು 59ರಲ್ಲಿ ಮಾತ್ರ. ಸಿಲಿಂಡರ್ ಮೂಲೆಯಲ್ಲಿದೆ, ತುಂಬಿಸೋಕೆ ಕಾಸಿಲ್ಲ.

ಈ ರಜೆಯಲ್ಲಿ ಊರಿಗೆ ಹೋಗೋಣ. ಯಾವ ಮನೆಗೆ ಮೀಟರಿಲ್ಲ, ಯಾವ ಮನೆಯ ತಂತಿ ಬಾಕಿಗೆ ಕತ್ತರಿಸಿದ್ದಾರೆ, ಕೇರಿಯ ಯಾವ ಕಂಬದಲ್ಲಿ ಬಲ್ಬಿಲ್ಲ, ಬರಕೊಂಡು ಬರೋಣ. ಅದರ ಪಕ್ಕದಲ್ಲೇ ಯಾರಿಗೆ ನಿದ್ದೆ ಇಲ್ಲ ಅಂತಲೂ ಕೇಳೋಣ. ಅವರನ್ನು ತಾಲ್ಲೂಕು ಆಸ್ಪತ್ರೆಗೆ ಕರಕೊಂಡು ಹೋಗೋಣ. 2022ರಿಂದ 14416 ಅನ್ನೋ ನಂಬರಿಗೆ ಕಾಸಿಲ್ಲದೆ ಫೋನು ಮಾಡಿ ಮನಸ್ಸಿನ ಕಷ್ಟ ಹೇಳಿಕೋಬಹುದು (ಫೋನು ಚಾರ್ಜ್ ಆಗಿದ್ದರೆ). ಮೊದಲ ಪಟ್ಟಿಯನ್ನು ಕರೆಂಟ್ ಆಫೀಸಿಗೆ ಎಲ್ಲರೂ ಒಟ್ಟಿಗೇ ಹೋಗಿ ಕೊಡೋಣ, ಕೊಟ್ಟದ್ದಕ್ಕೆ ಸೀಲು ಹಾಕಿಸಿಕೊಂಡು ಬರೋಣ.