ಡೀಸೆಲ್ ಹೊಗೆಯ ಆ ಒಂದು ಪಾಲು

ಡೀಸೆಲ್ ಎಂಜಿನ್ನಿನ ಕೊಳವೆಯಿಂದ ಹೊರಬರುವುದರಲ್ಲಿ ನೂರಕ್ಕೆ ಸುಮಾರು 99 ಪಾಲು ಸಾರಜನಕ, ಆಮ್ಲಜನಕ, ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿ. ಉಸಿರಿಗೆ ಕುತ್ತು ತರುವುದೆಲ್ಲ ಉಳಿದ ಒಂದು ಪಾಲಿನಲ್ಲಿದೆ: ಮಸಿ, ಸಾರಜನಕದ ಆಕ್ಸೈಡುಗಳು, ಗಂಧಕದ ಸಂಯುಕ್ತಗಳು, ಅರೆಬೆಂದ ಇಂಧನ. ಬಸ್ಸಿನ ಹಿಂದೆ ನಿಂತವರು ಮೂಗು ಮುಚ್ಚಿಕೊಳ್ಳುವುದು ವಾಸನೆಗೆ. ಆದರೆ ಅಪಾಯದ ಮಟ್ಟಿಗೆ ವಾಸನೆಯನ್ನಾಗಲಿ ಕಪ್ಪು ಬಣ್ಣವನ್ನಾಗಲಿ ನಂಬುವಂತಿಲ್ಲ.

1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ರುಡಾಲ್ಫ್ ಡೀಸೆಲ್ ತನ್ನ ಎಂಜಿನ್ನನ್ನು ಯಶಸ್ವಿಯಾಗಿ ಓಡಿಸಿ ತೋರಿಸಿದ. ಅದಕ್ಕೆ ಕಿಡಿ ಬೇಡ. ಗಾಳಿಯನ್ನು ಅದುಮಿ ಕಾಯಿಸಿ, ಆ ಬಿಸಿಗೆ ಎಣ್ಣೆ ಚಿಮ್ಮಿಸಿದರೆ ಅದು ತಾನೇ ಹೊತ್ತಿಕೊಳ್ಳುತ್ತದೆ. ದೋಷ ಹುಟ್ಟುವುದೂ ಇಲ್ಲಿಯೇ. ಚಿಮ್ಮಿದ ಎಣ್ಣೆಯ ಒಡಲಿನಲ್ಲಿ ಗಾಳಿ ಸಾಲದೆ ಮಸಿ ಕಟ್ಟುತ್ತದೆ. ಗಾಳಿ ಧಾರಾಳವಾಗಿರುವ ಅಂಚಿನಲ್ಲಿ ಉರಿ ಬಲವಾಗಿ ಸಾರಜನಕವೇ ಉತ್ಕರ್ಷಿಸುತ್ತದೆ. ಒಂದನ್ನು ತಗ್ಗಿಸಹೊರಟರೆ ಇನ್ನೊಂದು ಏರುತ್ತದೆ. ಎಂಜಿನಿಯರರನ್ನು ಇಂದಿಗೂ ಕಾಡುವ ಇಕ್ಕಟ್ಟು ಇದು.

ಮಸಿಗೂ ಕ್ಯಾನ್ಸರಿಗೂ ನಂಟಿದೆ ಎಂಬ ಸುಳಿವು ಡೀಸೆಲ್‌ಗಿಂತ ಹಳೆಯದು. ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್, ಹೊಗೆಗೂಡು ಗುಡಿಸುವವರ ವೃಷಣಚೀಲದ ಕ್ಯಾನ್ಸರಿಗೆ ಮಸಿಯೇ ಕಾರಣವೆಂದು 1775ರಲ್ಲೇ ಬರೆದಿದ್ದ. 1933ರಲ್ಲಿ ಕಲ್ಲಿದ್ದಲ ಡಾಂಬರಿನಿಂದ ಬೆಂಜೋಪೈರೀನ್ ಎಂಬ ಕ್ಯಾನ್ಸರ್‌ಕಾರಕವನ್ನು ಬೇರ್ಪಡಿಸಲಾಯಿತು. ಡೀಸೆಲ್ ಮಸಿಗೆ ಅಂಟಿಕೊಂಡು ಬರುವುದು ಇದೇ ಕುಟುಂಬದ ರಾಸಾಯನಿಕಗಳು. 1955ರಲ್ಲಿ ಅಮೆರಿಕದ ಸಂಶೋಧಕರು ಡೀಸೆಲ್ ಹೊಗೆಯ ಸಾರವನ್ನು ಇಲಿಗಳ ಚರ್ಮಕ್ಕೆ ಬಳಿದಾಗ ಗಡ್ಡೆಗಳೆದ್ದವು. 1997ರಲ್ಲಿ ಜಪಾನಿನ ವಿಜ್ಞಾನಿಗಳು ಇದೇ ಹೊಗೆಯಲ್ಲಿ 3-ನೈಟ್ರೋಬೆಂಜಾಂತ್ರೋನ್ ಕಂಡುಹಿಡಿದರು. ಬ್ಯಾಕ್ಟೀರಿಯಾಗಳ ಆನುವಂಶಿಕ ದ್ರವ್ಯವನ್ನು ಕೆಡಿಸುವುದರಲ್ಲಿ ಅದರಷ್ಟು ಪ್ರಬಲವಾದವು ವಿರಳ.

ಆದರೆ ಇಲಿಯ ಚರ್ಮ ಮನುಷ್ಯನ ಶ್ವಾಸಕೋಶವಲ್ಲ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲಿ ಈ ಹೊಗೆಯನ್ನು 'ಬಹುಶಃ ಕ್ಯಾನ್ಸರ್‌ಕಾರಕ' ಎಂದಷ್ಟೇ ಹೇಳಿತು. ತೀರ್ಪು ಗಟ್ಟಿಯಾಗಲು ಗಣಿಕಾರ್ಮಿಕರು ಬೇಕಾದರು. ಅಮೆರಿಕದ 8 ಗಣಿಗಳ 12,000ಕ್ಕೂ ಹೆಚ್ಚು ಕಾರ್ಮಿಕರ ಅಧ್ಯಯನ, ಗಣಿ ಕಂಪನಿಗಳ ಕೋರ್ಟು ವ್ಯಾಜ್ಯಗಳನ್ನು ದಾಟಿಕೊಂಡು, 2012ರಲ್ಲಿ ಪ್ರಕಟವಾಯಿತು. ಹೆಚ್ಚು ಹೊಗೆ ಕುಡಿದವರಿಗೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಸುಮಾರು ಮೂರು ಪಟ್ಟಿತ್ತು. ಅದೇ ವರ್ಷದ ಜೂನ್‌ನಲ್ಲಿ 'ಬಹುಶಃ' ಎಂಬ ಮಾತು ಬಿದ್ದುಹೋಯಿತು.

ಅಷ್ಟರಲ್ಲಿ ಗಮನ ಕಣದ ಗಾತ್ರದತ್ತಲೂ ಹೊರಳಿತ್ತು. ಎಣಿಕೆಯಲ್ಲಿ ಡೀಸೆಲ್ ಕಣಗಳ ಬಹುಪಾಲು ಮೈಕ್ರಾನಿನ ಹತ್ತನೇ ಒಂದಕ್ಕಿಂತ ಚಿಕ್ಕವು; ಮೂಗಿನ ಕೂದಲು, ಗಂಟಲಿನ ಲೋಳೆ ಇವುಗಳಿಗೆ ಸಿಗದೆ ಶ್ವಾಸಕೋಶದ ತುದಿಗೂಡುಗಳನ್ನು ಮುಟ್ಟುತ್ತವೆ. ಲಂಡನ್ನಿನ ಒಂದು ಪ್ರಯೋಗದಲ್ಲಿ 60 ಮಂದಿ ಅಸ್ತಮಾ ರೋಗಿಗಳು ಆಗ ಡೀಸೆಲ್ ಬಸ್ಸು, ಟ್ಯಾಕ್ಸಿಗಳಷ್ಟೇ ಓಡುತ್ತಿದ್ದ ಆಕ್ಸ್‌ಫರ್ಡ್ ಸ್ಟ್ರೀಟ್‌ನಲ್ಲಿ 2 ಗಂಟೆ, ಮತ್ತೊಂದು ದಿನ ಹೈಡ್ ಪಾರ್ಕಿನಲ್ಲಿ 2 ಗಂಟೆ ನಡೆದರು. ಬೀದಿಯಲ್ಲಿ ನಡೆದ ದಿನ ಅವರ ಉಸಿರಿನ ಬಲ ಹೆಚ್ಚು ಕುಗ್ಗಿತು. ಆ ಕುಗ್ಗುವಿಕೆ ಅತಿಸೂಕ್ಷ್ಮ ಕಣ ಮತ್ತು ಮಸಿಯ ಪ್ರಮಾಣಕ್ಕೆ ಹೊಂದುತ್ತಿತ್ತು. 2011ರ ಮತ್ತೊಂದು ಪ್ರಯೋಗದಲ್ಲಿ ಕಣಗಳನ್ನು ಸೋಸಿದ ಹೊಗೆಯನ್ನು ಆರೋಗ್ಯವಂತರಿಗೆ ಕೊಟ್ಟಾಗ ರಕ್ತನಾಳಗಳ ಮೇಲಿನ ದುಷ್ಪರಿಣಾಮ ಬಹುಮಟ್ಟಿಗೆ ಕಾಣಲಿಲ್ಲ. ಹೃದಯದ ಮಟ್ಟಿಗೆ ಮುಖ್ಯ ಅಪರಾಧಿ ಕಣವೇ.

ಹಾಗಾದರೆ ಸೋಸಿದರಾಯಿತಲ್ಲ? ಗಂಧಕ ಅಡ್ಡಬರುತ್ತದೆ. ಸೋಸುಕಕ್ಕೆ ನೆರವಾಗುವ ವೇಗವರ್ಧಕವನ್ನು ಅದು ಕೆಡಿಸುತ್ತದೆ. 1990ರ ದಶಕದ ಆರಂಭದಲ್ಲಿ ಭಾರತದ ಡೀಸೆಲ್‌ನಲ್ಲಿ ಹತ್ತು ಲಕ್ಷಕ್ಕೆ 10,000 ಪಾಲಿನವರೆಗೂ ಗಂಧಕವಿರಬಹುದಿತ್ತು. 2010ರಲ್ಲಿ ಬೆಂಗಳೂರೂ ಸೇರಿ 13 ನಗರಗಳಿಗೆ 50 ಪಾಲಿನ ಡೀಸೆಲ್ ಬಂದಾಗ ಬೇರೆಡೆ ಇನ್ನೂ 350ರ ಮಿತಿಯಿತ್ತು. 2020ರ ಏಪ್ರಿಲ್ 1ರಿಂದ ದೇಶವಿಡೀ ಮಿತಿ 10. ಭಾರತ್ ಸ್ಟೇಜ್ 6 ಎಂಬ ಹೊಗೆ ನಿಯಮದ ಹೊಸ ಡೀಸೆಲ್ ವಾಹನಗಳಿಗೆ ಸೋಸುಕವೂ ಬಂತು. ಹಳೆಯ ಲಾರಿಗಳೂ ಈಗ ಅದೇ ಶುದ್ಧ ಡೀಸೆಲ್ ಕುಡಿಯುತ್ತಿವೆ. ಆದರೆ ಅವುಗಳಲ್ಲಿ ಬಹುಪಾಲಿನ ಕೊಳವೆಯಲ್ಲಿ ಮಸಿ ಸೋಸುವ ಏನೂ ಇಲ್ಲ.